ಕಲ್ಲಿನ ಹಳೇ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಹಳೆಯ ಶಿಲಾ ವಿಶ್ಲೇಷಣೆಯ ಚೀಟಿ, ರಿಜಿಸ್ಟರುಗಳ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಶಹಾಬಾದ್ ಸೀಮೆಯಲ್ಲಿ ನಮ್ಮ ಅಜ್ಜನ ಕಾಲದ ಫರ್ಸಿ (ನೆಲಹಾಸು ಕಲ್ಲು) ಖಣಿಯ ಕಾಗದದ ಗಂಟಿನಲ್ಲಿ ಒಂದೇ ಮಾದರಿ ನಂಬರಿನ ಎರಡು ಪರೀಕ್ಷಾ ಚೀಟಿ ಸಿಕ್ಕಿವೆ. ಮೊದಲನೆಯದರಲ್ಲಿ ಕಾರ್ಬೊನೇಟ್ ಆಫ್ ಲೈಮ್ 80.0, ಕಾರ್ಬೊನೇಟ್ ಆಫ್ ಮ್ಯಾಗ್ನೀಷಿಯಾ 2.5, ಇನ್‌ಸಾಲ್ಯುಬಲ್ 14.6, ಐರನ್ ಅಂಡ್ ಅಲ್ಯೂಮಿನಾ 1.9 ಎಂದಿದೆ. ಎರಡನೆಯದರಲ್ಲಿ ಸಿಲಿಕಾ 13.1, ಐರನ್ ಅಂಡ್ ಅಲ್ಯೂಮಿನಾ 3.4, ಲೈಮ್ 44.8, ಮ್ಯಾಗ್ನೀಷಿಯಾ 1.2, ಲಾಸ್ ಆನ್ ಇಗ್ನಿಷನ್ 36.9. ಒಂದರಲ್ಲಿ ಸುಣ್ಣ 80, ಇನ್ನೊಂದರಲ್ಲಿ 44.8. ಯಾವುದು ಖರೆ? (ಚಿತ್ತಾಪುರ ತಾಲೂಕಿನ ಓದುಗರು)

ಉತ್ತರ: ಎರಡೂ ಖರೆ. ಎರಡೂ ಚೆನ್ನಾಗಿ ಮಾಡಿದ ಕೆಲಸ. ಕಲ್ಲು ಒಂದೇ, ಅದನ್ನು ಬಿಡಿಸಿದ ದಾರಿ ಮಾತ್ರ ಬೇರೆ. ಈ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ಹಳೆಯ ವಿಶ್ಲೇಷಣೆಗಳನ್ನು ಓದುವ ಅರ್ಧ ವಿದ್ಯೆ ಕೈಗೆ ಬರುತ್ತದೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಮೊದಲು ಸುಣ್ಣ. ಮೊದಲ ಚೀಟಿ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟನ್ನು ಹೇಳುತ್ತದೆ, ಎರಡನೆಯದು ಅದರೊಳಗಿನ ಕ್ಯಾಲ್ಸಿಯಂ ಆಕ್ಸೈಡನ್ನು, ಅಂದರೆ ಸುಟ್ಟ ಮೇಲೆ ಉಳಿಯುವ ಸುಣ್ಣವನ್ನು. ನೂರು ಭಾಗ ಶುದ್ಧ ಕಾರ್ಬೊನೇಟಿನಲ್ಲಿ 56.03 ಭಾಗ ಸುಣ್ಣ, 43.97 ಭಾಗ ಇಂಗಾಲದ ಡೈಆಕ್ಸೈಡ್. ಆದ್ದರಿಂದ ಸುಣ್ಣವನ್ನು 1.785ರಿಂದ ಗುಣಿಸಿದರೆ ಕಾರ್ಬೊನೇಟ್ ಬರುತ್ತದೆ: 44.8 × 1.785 = 79.97. ಮೊದಲ ಚೀಟಿಯ 80.0 ಇದೇ. ಮ್ಯಾಗ್ನೀಷಿಯಾಗೆ, ಅಂದರೆ ಮೆಗ್ನೀಷಿಯಂ ಆಕ್ಸೈಡಿಗೆ, ಗುಣಕ 2.092: 1.2 × 2.092 = 2.51. ಅದೂ ಕೂಡಿತು.

ಇನ್ನು 14.6 ಮತ್ತು 13.1. ಮೊದಲ ರಸಾಯನಜ್ಞ ಕಲ್ಲಿನ ಪುಡಿಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಸಿ, ಕರಗದೆ ಉಳಿದದ್ದನ್ನು ಸೋಸಿ, ಸೋಸುಕಾಗದ ಸಮೇತ ಸುಟ್ಟು ತೂಗಿದ್ದಾನೆ. ಅದೇ ಇನ್‌ಸಾಲ್ಯುಬಲ್. ಶಹಾಬಾದ್ ಸುಣ್ಣಕಲ್ಲಿನಲ್ಲಿ ನಯವಾದ ಜೇಡಿಯೂ ಕ್ವಾರ್ಟ್ಜ್ ಪುಡಿಯೂ ಬೆರೆತಿರುತ್ತವೆ. ತೆಳು ಆಮ್ಲಕ್ಕೆ ಜೇಡಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಜೇಡಿಯೊಳಗಿನ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್), ಕಬ್ಬಿಣ ಎರಡೂ ಆ 14.6ರೊಳಗೇ ಕೂತಿವೆ. ಎರಡನೆಯವನು ಪುಡಿಯನ್ನು ಸೋಡಿಯಂ ಕಾರ್ಬೊನೇಟ್ ಜೊತೆ ಪ್ಲಾಟಿನಂ ಮೂಸೆಯಲ್ಲಿ ಕರಗಿಸಿದ್ದಾನೆ. ಆಗ ಜೇಡಿ ಒಡೆದು ಸಿಲಿಕಾ ಬೇರೆ, ಅಲ್ಯೂಮಿನಾ ಬೇರೆ ಆಗುತ್ತವೆ. 14.6ರಲ್ಲಿ 13.1 ಸಿಲಿಕಾ ಹೋದರೆ ಉಳಿಯುವುದು 1.5. ಆ 1.5ನ್ನು ಮೊದಲ ಚೀಟಿಯ 1.9ಕ್ಕೆ ಕೂಡಿಸಿ: 3.4. ಎರಡನೆಯ ಚೀಟಿಯ ಅಂಕಿ ಅದೇ.

ಕೊನೆಗೆ ಮೊತ್ತ. ಮೊದಲನೆಯದು 99.0, ಎರಡನೆಯದು 99.4. ಈ 0.4 ಎಲ್ಲಿಂದ ಬಂತು? ಸುಣ್ಣಕ್ಕೆ ಸೇರಬೇಕಾದ ಇಂಗಾಲದ ಡೈಆಕ್ಸೈಡ್ 44.8 × 0.785 = 35.17, ಮ್ಯಾಗ್ನೀಷಿಯಾಗೆ 1.2 × 1.092 = 1.31, ಒಟ್ಟು 36.48. ಸುಟ್ಟಾಗ ಕಡಿಮೆಯಾದ ತೂಕ 36.9. ಮಿಕ್ಕ 0.4 ಜೇಡಿಯಲ್ಲಿ ಕಟ್ಟಿಕೊಂಡಿದ್ದ ನೀರು. ಮೊದಲ ಚೀಟಿಯಲ್ಲಿ ಆ ನೀರಿಗೆ ಮನೆಯೇ ಇಲ್ಲ, ಕರಗದ ಭಾಗವನ್ನು ಸುಡುವಾಗ ಅದು ಹಾರಿಹೋಗಿದೆ. ಎರಡೂ ಚೀಟಿಯಲ್ಲಿ ಕಾಣದ ಉಳಿದ 0.6ರಲ್ಲಿ ಪೊಟ್ಯಾಷ್ (ಪೊಟ್ಯಾಸಿಯಂ ಆಕ್ಸೈಡ್), ಸೋಡಾ (ಸೋಡಿಯಂ ಆಕ್ಸೈಡ್), ಗಂಧಕದಂಥವು ಸೇರಿರುತ್ತವೆ. ಅವನ್ನು ಇಬ್ಬರೂ ಹುಡುಕಿಲ್ಲ.

ಸುಣ್ಣಕಲ್ಲಿನ ಯಾವ ಹಳೆಯ ಚೀಟಿ ಬಂದರೂ ಈ ಇಂಗಾಲದ ಲೆಕ್ಕವನ್ನು ಮೊದಲು ಮಾಡಿ. ಸುಟ್ಟ ನಷ್ಟ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸರಿ. ಕಡಿಮೆ ಇದ್ದರೆ ಕುಲುಮೆ ಸಾಕಷ್ಟು ಕಾಯ್ದಿಲ್ಲ, ಅಥವಾ ತೂಕ ನಿಲ್ಲುವವರೆಗೆ ಮತ್ತೆ ಮತ್ತೆ ಸುಟ್ಟಿಲ್ಲ ಎಂದು ಶಂಕಿಸಬೇಕು. 950ರಿಂದ 1000 ಡಿಗ್ರಿ ಸೆಲ್ಸಿಯಸ್ ಬೇಕು. ಸುಟ್ಟ ಸುಣ್ಣವನ್ನು ತೆರೆದಿಟ್ಟರೆ ಗಾಳಿಯ ತೇವ ಹೀರಿ ನೋಡನೋಡುತ್ತ ತೂಕ ಏರುತ್ತದೆ, ಆಗಲೂ ನಷ್ಟ ಕಡಿಮೆ ಕಾಣುತ್ತದೆ. ಕಲ್ಲಿನ ಸುಣ್ಣದಲ್ಲಿ ಒಂದಿಷ್ಟು ಸಿಲಿಕೇಟಿಗೆ ಸೇರಿದ್ದರೂ ಲೆಕ್ಕ ಹೀಗೇ ತಪ್ಪುತ್ತದೆ. ಆದರೆ ಫರ್ಸಿ ಕಲ್ಲಿನಲ್ಲಿ ಆ ಪಾಲು ಕಡಿಮೆ.

ಇನ್ನೊಂದು ದೋಷ ಅಮೋನಿಯಾ ಬಾಟಲಿಯದು. ಕಬ್ಬಿಣ, ಅಲ್ಯೂಮಿನಾಗಳನ್ನು ಗಸಿಯಾಗಿ ಇಳಿಸಲು ಅಮೋನಿಯಾ ಹಾಕುತ್ತಾರೆ. ಬಾಟಲಿ ಹಳೆಯದಾದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದರಲ್ಲಿ ಕಾರ್ಬೊನೇಟ್ ಹುಟ್ಟಿರುತ್ತದೆ. ಹಾಕಿದ ತಕ್ಷಣ ಒಂದಿಷ್ಟು ಸುಣ್ಣವೂ ಗಸಿಯ ಜೊತೆಗೇ ಇಳಿಯುತ್ತದೆ. ಗಸಿಯನ್ನು ಆಮ್ಲದಲ್ಲಿ ಕರಗಿಸಿ ಎರಡನೆಯ ಸಲ ಇಳಿಸದಿದ್ದರೆ ಚೀಟಿಯಲ್ಲಿ ಐರನ್ ಅಂಡ್ ಅಲ್ಯೂಮಿನಾ ಏರಿ ಸುಣ್ಣ ಇಳಿದಿರುತ್ತದೆ. ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುವ ತಪ್ಪು ಮೊತ್ತದಲ್ಲಿ ಎದ್ದು ಕಾಣುವುದಿಲ್ಲ, ಮೊತ್ತ ನೂರರ ಆಸುಪಾಸಿಗೇ ಬರುತ್ತದೆ. ಮೊತ್ತ ನೂರಾಯಿತೆಂದು ಒಳಗಿನ ಅಂಕಿಗಳೆಲ್ಲ ಸರಿ ಎನ್ನಲಾಗದು.

ಎರಡು ಚೀಟಿಗಳ ಸರಾಸರಿ ಮಾತ್ರ ತೆಗೆಯಬೇಡಿ. 14.6 ಮತ್ತು 13.1ರ ನಡುವಿನ ಅಂಕಿಗೆ ಏನೂ ಅರ್ಥವಿಲ್ಲ. ಚೀಟಿಯ ಹಿಂಬದಿ, ಮಡಿಕೆ, ಮೂಲೆಗಳನ್ನೂ ನೋಡಿ. ಮಾದರಿ ಯಾವ ಪದರದ್ದು, ಒಂದೇ ಚಪ್ಪಡಿಯಿಂದ ಒಡೆದದ್ದೋ ಖಣಿಯ ಗೋಡೆಯುದ್ದಕ್ಕೂ ಗೀರಿ ತೆಗೆದದ್ದೋ ಎಂದು ಪೆನ್ಸಿಲಿನಲ್ಲಿ ಬರೆದಿದ್ದರೆ ಆ ಒಂದು ಸಾಲು ಐದು ಅಂಕಿಗಳಷ್ಟೇ ಬೆಲೆಯುಳ್ಳದ್ದು. ನಮ್ಮ ಖಣಿಗಳಲ್ಲಿ ಬೂದು, ನೀಲಿ, ಹಳದಿ ಛಾಯೆಯ ಪದರಗಳು ಒಂದರ ಮೇಲೊಂದು ಇರುತ್ತವೆ. ಒಂದು ಪದರದ ಅಂಕಿ ಇಡೀ ಖಣಿಯದಾಗುವುದಿಲ್ಲ.

ಪ್ರಶ್ನೆ: ಆಳಂದ ಕಡೆಯ ಕಪ್ಪು ಕಲ್ಲಿನ ಹಳೆಯ ವಿಶ್ಲೇಷಣೆಯೊಂದರಲ್ಲಿ ಅಲ್ಯೂಮಿನಾ 15.9, ಪೆರಾಕ್ಸೈಡ್ ಆಫ್ ಐರನ್ 14.2, ಮೊತ್ತ 101.2 ಎಂದಿದೆ. ಟೈಟಾನಿಯಂ ಸಾಲೇ ಇಲ್ಲ. ಅದೇ ಜಾಗದ ಕಲ್ಲಿಗೆ ಈಗ ಎಕ್ಸ್‌ರೇ ಯಂತ್ರದಲ್ಲಿ ಅಲ್ಯೂಮಿನಾ 13.6 ಬಂದಿದೆ. ಹಳೆಯವರು ತಪ್ಪು ಮಾಡಿದರೇ? (ಕಲಬುರಗಿಯ ಭೂವಿಜ್ಞಾನ ವಿದ್ಯಾರ್ಥಿನಿ)

ಉತ್ತರ: ತಪ್ಪಲ್ಲಮ್ಮಾ, ಅವರ ಅಲ್ಯೂಮಿನಾ ಎಂಬ ಮಾತಿನೊಳಗೆ ಇನ್ನೂ ಇಬ್ಬರು ಇದ್ದರು.

ಹಳೆಯ ಕ್ರಮ ಹೀಗೆ. ಒಂದು ಗ್ರಾಂ ಪುಡಿಗೆ ಐದಾರು ಗ್ರಾಂ ಸೋಡಿಯಂ ಕಾರ್ಬೊನೇಟ್ ಸೇರಿಸಿ ಕರಗಿಸುವುದು, ಗಡ್ಡೆಯನ್ನು ಆಮ್ಲದಲ್ಲಿ ಬಿಡಿಸುವುದು, ನೀರಿನಾವಿಯ ಮೇಲೆ ಪೂರಾ ಒಣಗಿಸಿ ಸಿಲಿಕಾವನ್ನು ಸೋಸುವುದು. ಸೋಸಿದ ನೀರಿಗೆ ಅಮೋನಿಯಾ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ, ಟೈಟಾನಿಯಂ, ರಂಜಕ ಎಲ್ಲವೂ ಒಂದೇ ಕೆಂಪು ಗಸಿಯಾಗಿ ಇಳಿಯುತ್ತವೆ. ಅದನ್ನು ಸುಟ್ಟು ತೂಗಿ, ಕಬ್ಬಿಣವನ್ನು ಪರ್ಮಾಂಗನೇಟ್ ಹನಿಸಿ ಅಳೆದು ಕಳೆಯುತ್ತಿದ್ದರು. ಉಳಿದದ್ದಕ್ಕೆ ಅಲ್ಯೂಮಿನಾ ಎಂದು ಹೆಸರು. ಅಲ್ಯೂಮಿನಾವನ್ನು ಅದಾಗಿಯೇ ಯಾರೂ ತೂಗಿದ್ದಲ್ಲ, ಅದು ಕಳೆದುಳಿದ ಅಂಕಿ. ಟೈಟಾನಿಯಾ (ಟೈಟಾನಿಯಂ ಆಕ್ಸೈಡ್), ರಂಜಕಗಳನ್ನು ಬೇರೆಯಾಗಿ ಅಳೆಯದಿದ್ದರೆ ಅವೂ ಅದರ ಖಾತೆಗೇ ಜಮಾ.

ಗ್ರಾನೈಟಿನಲ್ಲಿ ಇದು ಅಷ್ಟು ಬಾಧಿಸುವುದಿಲ್ಲ. ನಮ್ಮ ದಕ್ಖನ್ ಟ್ರ್ಯಾಪಿನಲ್ಲಿ, ಅಂದರೆ ಈ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ, ಬಾಧಿಸುತ್ತದೆ, ಏಕೆಂದರೆ ಇದರಲ್ಲಿ ಟೈಟಾನಿಯಾ ಹೇರಳ. 1922ರಲ್ಲಿ ಅಮೆರಿಕದ ಭೂವಿಜ್ಞಾನಿ ಎಚ್. ಎಸ್. ವಾಷಿಂಗ್ಟನ್ ಪ್ರಕಟಿಸಿದ ದಕ್ಖನ್ ಟ್ರ್ಯಾಪ್ ವಿಶ್ಲೇಷಣೆಗಳ ಸರಾಸರಿ ಸುಮಾರಾಗಿ ಹೀಗಿದೆ: ಸಿಲಿಕಾ 50.6, ಟೈಟಾನಿಯಾ 1.9, ಅಲ್ಯೂಮಿನಾ 13.6, ಫೆರಿಕ್ ಆಕ್ಸೈಡ್ 3.2, ಫೆರಸ್ ಆಕ್ಸೈಡ್ 9.9, ರಂಜಕದ ಆಕ್ಸೈಡ್ 0.4. ಈಗ 13.6, 1.9, 0.4 ಮೂರನ್ನೂ ಕೂಡಿಸಿ ನೋಡಿ. 15.9.

ಕಬ್ಬಿಣದ ಸಾಲಿಗೂ ಹಾಗೇ. ಹಳೆಯ ಬರಹದಲ್ಲಿ ಪ್ರೊಟಾಕ್ಸೈಡ್ ಅಂದರೆ ಫೆರಸ್ (ಆಮ್ಲಜನಕ ಕಡಿಮೆ ಇರುವುದು), ಪೆರಾಕ್ಸೈಡ್ ಅಥವಾ ಸೆಸ್ಕ್ವಿಆಕ್ಸೈಡ್ ಅಂದರೆ ಫೆರಿಕ್ (ಆಮ್ಲಜನಕ ಹೆಚ್ಚಿರುವುದು). ನಿಮ್ಮ ಚೀಟಿಯವರು ಎಲ್ಲ ಕಬ್ಬಿಣವನ್ನೂ ಫೆರಿಕ್ ಎಂದು ಬರೆದಿದ್ದಾರೆ. ವಾಷಿಂಗ್ಟನ್ ಸರಾಸರಿಯ ಫೆರಸ್ 9.9ನ್ನು 1.1113ರಿಂದ ಗುಣಿಸಿದರೆ 11.0, ಅದಕ್ಕೆ 3.2 ಸೇರಿದರೆ 14.2. ಕಲ್ಲಿನಲ್ಲಿಲ್ಲದ 1.1 ಭಾಗ ಆಮ್ಲಜನಕ ಕಾಗದದ ಮೇಲೆ ಸೇರಿಕೊಂಡಿತು, ಮೊತ್ತ 101.2 ಆಯಿತು. ಅದನ್ನು ತೆಗೆದರೆ 100.1. ವಾಷಿಂಗ್ಟನ್, ಹಿಲೆಬ್ರಾಂಡ್‌ರಂಥ ಕಟ್ಟುನಿಟ್ಟಿನ ವಿಶ್ಲೇಷಕರು ಒಪ್ಪುತ್ತಿದ್ದ ಮೊತ್ತದ ಮೇರೆ 99.75ರಿಂದ 100.50. ನಿಮ್ಮ ಹಳೆಯ ರಸಾಯನಜ್ಞ ಆ ಮೇರೆಯೊಳಗೇ ಇದ್ದಾನೆ.

ಹಾಗಾದರೆ ಹೋಲಿಸುವುದು ಹೇಗೆ? 15.9ರಿಂದ ಅಂದಾಜಿನ ಟೈಟಾನಿಯಾ ಕಳೆದು ಹಳೆಯ ಅಂಕಿಯನ್ನು ತಿದ್ದಲು ಹೋಗಬೇಡಿ. ಇಲ್ಲದ ಮಾಹಿತಿಯನ್ನು ಹುಟ್ಟಿಸಿದಂತಾಗುತ್ತದೆ. ಅದರ ಬದಲು ಹೊಸ ಅಂಕಿಗಳನ್ನು ಹಳೆಯದರ ಮಟ್ಟಕ್ಕೆ ಕೂಡಿಸಿಕೊಳ್ಳಿ: ಹೊಸ ಅಲ್ಯೂಮಿನಾ, ಟೈಟಾನಿಯಾ, ರಂಜಕ ಮೂರನ್ನೂ ಸೇರಿಸಿ ಹಳೆಯ ಅಲ್ಯೂಮಿನಾ ಎದುರು ಇಡಿ. ಕೂಡಿಸಿದ್ದನ್ನು ಕೂಡಿಸಿದ್ದರ ಜೊತೆಗೇ ತೂಗಬೇಕು. ಮೇಲಿನ ಸುಣ್ಣಕಲ್ಲಿಗೂ ಇದೇ ಮಾತು.

ಹಳೆಯ ಬಸಾಲ್ಟ್ ವಿಶ್ಲೇಷಣೆಗಳಲ್ಲಿ ಇನ್ನೂ ಮೂರು ಕಡೆ ಕಣ್ಣಿಡಿ. ಸಿಲಿಕಾವನ್ನು ಒಂದೇ ಸಲ ಒಣಗಿಸಿ ಸೋಸಿದ್ದರೆ ಪ್ರತಿಶತ ಒಂದರಷ್ಟು ಸಿಲಿಕಾ ನೀರಿನಲ್ಲೇ ಉಳಿದು ಮುಂದೆ ಅಲ್ಯೂಮಿನಾ ಜೊತೆ ಇಳಿಯುತ್ತದೆ. ಸರಿಯಾದ ಕ್ರಮದಲ್ಲಿ ಎರಡು ಸಲ ಒಣಗಿಸಿ, ನಡುವೆ ಸೋಸಿ, ಸಿಕ್ಕ ಸಿಲಿಕಾವನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಹಾರಿಸಿ, ಕಡಿಮೆಯಾದ ತೂಕವನ್ನಷ್ಟೇ ಸಿಲಿಕಾ ಎಂದು ಬರೆಯುತ್ತಾರೆ. ಎರಡನೆಯದು ಫೆರಸ್ ಕಬ್ಬಿಣ. ಪುಡಿಯನ್ನು ಬಹಳ ನುಣ್ಣಗೆ, ಬಹಳ ಹೊತ್ತು ಅರೆದರೆ ಗಾಳಿ ತಾಗಿ ಫೆರಸ್ ಕಡಿಮೆಯಾಗುತ್ತದೆ. ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿದರೆ ಅದರ ಚೂರು ಬೆರೆತು ಫೆರಸ್ ಏರುತ್ತದೆ. ಮೂರನೆಯದು ಸೋಡಾ. 1871ರಲ್ಲಿ ಲಾರೆನ್ಸ್ ಸ್ಮಿತ್ ಹೇಳಿಕೊಟ್ಟ ಕ್ರಮದಲ್ಲಿ ಒಂದು ಪಾಲು ಕಲ್ಲುಪುಡಿಗೆ ಒಂದು ಪಾಲು ಅಮೋನಿಯಂ ಕ್ಲೋರೈಡ್, ಎಂಟು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿ ಕಾಸುತ್ತಾರೆ. ಆ ಎಂಟು ಪಾಲಿನಲ್ಲೇ ಸೋಡಾ ಸ್ವಲ್ಪ ಇರುತ್ತದೆ. ಕಲ್ಲಿಲ್ಲದೆ ಬರೀ ಔಷಧಿಗಳನ್ನಷ್ಟೇ ಒಮ್ಮೆ ಕಾಸಿ, ಬಂದ ಸೋಡಾವನ್ನು ಕಳೆಯದಿದ್ದರೆ ಅದೆಲ್ಲ ಕಲ್ಲಿನ ಹೆಸರಿಗೆ ಬೀಳುತ್ತದೆ.

ಎಲ್ಲರೂ ಒಂದೇ ಕೈಪಿಡಿ ಹಿಡಿದು ಮಾಡಿದರೂ ಅಂಕಿ ಒಂದಾಗುತ್ತಿರಲಿಲ್ಲ. ಜಿ-1 ಎಂಬ ಗ್ರಾನೈಟ್, ಡಬ್ಲ್ಯು-1 ಎಂಬ ಡಯಬೇಸ್ ಪುಡಿಗಳನ್ನು ಅನೇಕ ಪ್ರಯೋಗಾಲಯಗಳಿಗೆ ಹಂಚಿ, ಬಂದ ಫಲಿತಾಂಶಗಳನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 1951ರಲ್ಲಿ ಪ್ರಕಟಿಸಿದಾಗ ಒಳ್ಳೊಳ್ಳೆಯ ಪ್ರಯೋಗಾಲಯಗಳ ನಡುವೆಯೂ ಅಂತರ ಕಾಣಿಸಿತು. ಆಮೇಲೆಯೇ ಮಾನಕ ಪುಡಿಯನ್ನು ಜೊತೆಗಿಟ್ಟು ಅಳೆಯುವ ಪದ್ಧತಿ ಗಟ್ಟಿಯಾದದ್ದು. 1951ಕ್ಕೆ ಮೊದಲಿನ ಚೀಟಿಯಲ್ಲಿ ಎರಡನೆಯ ದಶಮಾಂಶದ ಮೇಲೆ ವಾದ ಕಟ್ಟಬೇಡಿ.

ಪ್ರಶ್ನೆ: ಚೀಟಿಯಲ್ಲಿ ಗುಲ್ಬರ್ಗಾ ಡಿಸ್ಟ್ರಿಕ್ಟ್, 1352 ಎಂದಷ್ಟೇ ಇದೆ. ಇದು ಹಿಜರಿಯೇ? ಜಾಗ ಪತ್ತೆ ಹಚ್ಚುವುದು ಹೇಗೆ? (ಸೇಡಂನ ಶಿಕ್ಷಕರು)

ಉತ್ತರ: ನಿಜಾಮರ ಆಡಳಿತದ ಕಚೇರಿ ಕಾಗದದಲ್ಲಿ ಇಂಥ ಅಂಕಿ ಬಹುಮಟ್ಟಿಗೆ ಫಸಲಿ, ಅಂದರೆ ಕಂದಾಯದ ಲೆಕ್ಕದ, ವರ್ಷ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜರ್ ತಿಂಗಳಿಂದ ಶುರುವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 590, ಜನವರಿಯಿಂದಾಚೆಗೆ 591 ಕೂಡಿಸಿ. 1352 ಅಂದರೆ 1942ರ ಅಕ್ಟೋಬರಿನಿಂದ 1943ರ ಅಕ್ಟೋಬರ್ ಆರಂಭದವರೆಗೆ. ಅದನ್ನೇ ಹಿಜರಿ ಎಂದುಕೊಂಡರೆ 1933ಕ್ಕೆ ಹೋಗಿಬಿಡುತ್ತೀರಿ, ಹತ್ತು ವರ್ಷದ ಅಂತರ. ತಿಂಗಳ ಹೆಸರು ಇದ್ದರೆ ಗೊಂದಲವೇ ಇಲ್ಲ: ಆಜರ್, ದೈ, ಬಹಮನ್ ಫಸಲಿ, ಮೊಹರಂ, ಸಫರ್ ಹಿಜರಿ.

ಜಿಲ್ಲೆಯ ಹೆಸರನ್ನು ಇಂದಿನ ನಕಾಶೆಯಲ್ಲಿ ಹುಡುಕಬೇಡಿ. 1956ರ ನವೆಂಬರ್ 1ಕ್ಕೆ ಮೊದಲು ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. ತಾಂಡೂರಿನ ನೆಲಹಾಸು ಕಲ್ಲೂ ನಮ್ಮ ಶಹಾಬಾದ್ ಕಲ್ಲಿನಂತೆ ಭೀಮಾ ಸಮೂಹ ಎಂಬ ಶಿಲಾಪದರಗಳ ಸುಣ್ಣಕಲ್ಲೇ. ಗುಲ್ಬರ್ಗಾ ಸುಣ್ಣಕಲ್ಲು ಎಂದು ಬರೆದಿದ್ದರೆ ಅದು ಈಗಿನ ತೆಲಂಗಾಣದ್ದೂ ಆಗಿರಬಹುದು. ಬೀದರ್ ಜಿಲ್ಲೆಯಿಂದಲೂ ಜಹೀರಾಬಾದ್ ಆಂಧ್ರದ ಕಡೆಗೆ, ಉದಗೀರ್, ನಿಲಂಗಾ ಮರಾಠವಾಡದ ಕಡೆಗೆ ಹೋದವು. ಯಾದಗಿರಿ 2009ರ ತನಕ ಗುಲ್ಬರ್ಗಾದೊಳಗೇ. ಇಂಗ್ಲಿಷ್ ಸೂಚಿಗಳಲ್ಲಿ ಕುಲ್ಬರ್ಗಾ, ಬೆಡರ್, ಶೋರಾಪುರ್, ಸೋರಾಪುರ್ ಎಂಬ ಕಾಗುಣಿತಗಳನ್ನೂ ಹುಡುಕಿ.

ರೇಖಾಂಶ ಕೊಟ್ಟಿದ್ದರೆ ಇನ್ನೊಂದು ಎಚ್ಚರಿಕೆ. ಹಳೆಯ ಸರ್ವೇ ನಕಾಶೆಗಳ ರೇಖಾಂಶ ಮದ್ರಾಸ್ ವೀಕ್ಷಣಾಲಯದ ಹಳೆಯ ಬೆಲೆಯ ಮೇಲೆ ನಿಂತಿತ್ತು. ಅದರಲ್ಲಿ 2 ನಿಮಿಷ 27 ಸೆಕೆಂಡ್ ಹೆಚ್ಚಿದೆ, ಕಳೆಯಬೇಕು. ನಮ್ಮ 17 ಡಿಗ್ರಿ ಅಕ್ಷಾಂಶದಲ್ಲಿ ಅದು ನೆಲದ ಮೇಲೆ ಸುಮಾರು 4.3 ಕಿಲೋಮೀಟರ್. ತಿದ್ದದಿದ್ದರೆ ಖಣಿ ಬಿಟ್ಟು ಪೂರ್ವದ ಮುಂದಿನ ಊರಿನ ಹೊಲದಲ್ಲಿ ನಿಂತಿರುತ್ತೀರಿ.

ಪ್ರಶ್ನೆ: ಬೀದರಿನ ಕೆಂಪು ಕಲ್ಲಿನ ಎರಡು ಹಳೆಯ ಫಲಿತಾಂಶ ಇವೆ. ಒಂದರಲ್ಲಿ ಐರನ್ 21.0, ಮಾಯಿಶ್ಚರ್ 4.0. ಇನ್ನೊಂದರಲ್ಲಿ ಫೆರಿಕ್ ಆಕ್ಸೈಡ್ 31.3, ಡ್ರೈಡ್ ಅಟ್ 110 ಎಂದಿದೆ. ಇವು ಬೇರೆ ಬೇರೆ ಕಲ್ಲೇ? (ಬೀದರ್)

ಉತ್ತರ: ಈ ಅಂಕಿಗಳಷ್ಟನ್ನೇ ನೋಡಿದರೆ ಒಂದೇ ಕಲ್ಲು ಆಗಬಹುದು. 21.0 ಎಂಬುದು ಲೋಹದ ಲೆಕ್ಕ. 1.43ರಿಂದ ಗುಣಿಸಿದರೆ ಫೆರಿಕ್ ಆಕ್ಸೈಡ್ 30.0. ಅದು ತೇವ ಸಮೇತದ ತೂಕದ ಮೇಲೆ. ತೇವ 4.0 ಕಳೆದ 96ಕ್ಕೆ 30.0 ಇದ್ದರೆ ನೂರಕ್ಕೆ 31.3.

ಕೆಂಪು ಕಲ್ಲಿಗೆ, ಅಂದರೆ ಲ್ಯಾಟರೈಟಿಗೆ, ಈ ತೇವದ ಲೆಕ್ಕ ಬಿಟ್ಟರೆ ಏನೂ ಕೂಡುವುದಿಲ್ಲ. ರಂಧ್ರ ರಂಧ್ರದ ಕಲ್ಲು, ಮಳೆಗಾಲದಲ್ಲಿ ತೂಗಿದರೊಂದು, ಬೇಸಿಗೆಯಲ್ಲಿ ತೂಗಿದರೊಂದು. 110 ಡಿಗ್ರಿಯಲ್ಲಿ ಹೋಗುವುದು ಸುಮ್ಮನೆ ಅಂಟಿಕೊಂಡ ತೇವ. ಅದಕ್ಕಿಂತ ಮೇಲೆ ಕಾಸಿದಾಗ ಹೋಗುವುದು ಖನಿಜದೊಳಗೆ ಕಟ್ಟಿಕೊಂಡ ನೀರು, ಅದು ಖನಿಜದ ಗುರುತೂ ಹೌದು: ಗಿಬ್ಸೈಟಿನಲ್ಲಿ 34.6 ಪ್ರತಿಶತ, ಕಯೋಲಿನೈಟಿನಲ್ಲಿ 14, ಗೋಥೈಟಿನಲ್ಲಿ 10.1. ಸಿಲಿಕಾ ಕಡಿಮೆ ಇದ್ದು ಕಟ್ಟಿದ ನೀರು 20ರ ಮೇಲೆ ಹೋದರೆ ಗಿಬ್ಸೈಟ್ ಇದೆಯೆಂದೇ ತಿಳಿಯಿರಿ. ತೇವ, ಕಟ್ಟಿದ ನೀರು ಎರಡನ್ನೂ ಸೇರಿಸಿ ಬರೀ ವಾಟರ್ ಎಂದು ಒಂದೇ ಸಾಲು ಬರೆದ ಚೀಟಿಯಿಂದ ಇದನ್ನು ಹೇಳಲಾಗದು.

ಹಳೆಯ ಪುಸ್ತಕಗಳಲ್ಲಿ ಹುಡುಕುವಾಗ ಐರನ್ ಕ್ಲೇ ಎಂಬ ಹೆಸರನ್ನೂ ಹುಡುಕಿ. ಪ್ರವಾಸಿ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟ ಮೇಲೆಯೂ ಎಷ್ಟೋ ದಿನ ಎರಡೂ ಹೆಸರು ನಡೆಯುತ್ತಿದ್ದವು.

ಪ್ರಶ್ನೆ: ಸುರಪುರ ತಾಲೂಕಿನ ಮಂಗಳೂರು ಸುತ್ತಲಿನ ಚಿನ್ನದ ಕಲ್ಲಿನ ಹಳೆಯ ಅಸ್ಸೇ (ಚಿನ್ನದ ಅಂಶದ ಪರೀಕ್ಷೆ) ಪಟ್ಟಿಯಲ್ಲಿ 6 ಡಿಡಬ್ಲ್ಯುಟಿ ಎಂದಿದೆ. ಗ್ರಾಂ ಎಷ್ಟು? (ಯಾದಗಿರಿ)

ಉತ್ತರ: ಡಿಡಬ್ಲ್ಯುಟಿ ಅಂದರೆ ಪೆನ್ನಿವೇಟ್, 1.555 ಗ್ರಾಂ. 20 ಪೆನ್ನಿವೇಟಿಗೆ ಒಂದು ಟ್ರಾಯ್ ಔನ್ಸ್. ಒಂದು ಟನ್ನಿಗೆ ಎಂಬುದು ಒಳಗಿನ ಮಾತು. ಅದು 1016 ಕಿಲೋ ತೂಗುವ ಬ್ರಿಟಿಷ್ ಲಾಂಗ್ ಟನ್ ಆದರೆ 6 ಪೆನ್ನಿವೇಟ್ ಅಂದರೆ ಮೆಟ್ರಿಕ್ ಟನ್ನಿಗೆ 9.2 ಗ್ರಾಂ. 907 ಕಿಲೋದ ಶಾರ್ಟ್ ಟನ್ ಆದರೆ 10.3 ಗ್ರಾಂ. ಪಟ್ಟಿಯಲ್ಲಿ ತೆಗೆದುಕೊಂಡ ಪುಡಿಯ ತೂಕ ಇದೆಯೇ ನೋಡಿ. ಅಸ್ಸೇ ಟನ್ ಎಂಬ ಅಳತೆ ಲಾಂಗ್ ಟನ್ನಿಗೆ 32.67 ಗ್ರಾಂ, ಶಾರ್ಟ್ ಟನ್ನಿಗೆ 29.17 ಗ್ರಾಂ. ಅಷ್ಟು ಪುಡಿಯಿಂದ ಸಿಕ್ಕ ಮಣಿಯ ತೂಕ ಎಷ್ಟು ಮಿಲಿಗ್ರಾಮೋ ಟನ್ನಿಗೆ ಅಷ್ಟು ಔನ್ಸ್. ಪುಡಿಯ ತೂಕ ಕಂಡರೆ ಯಾವ ಟನ್ ಎಂಬುದೂ ಗೊತ್ತಾದಂತೆ.

ಸೀಸದ ಜೊತೆ ಕರಗಿಸಿ, ಎಲುಬಿನ ಬೂದಿಯ ಕುಪ್ಪೆಲ್ ಎಂಬ ಪುಟ್ಟ ಬಟ್ಟಲಿನಲ್ಲಿ ಸೀಸವನ್ನು ಹೀರಿಸಿದಾಗ ಉಳಿಯುವ ಮಣಿಯಲ್ಲಿ ಬೆಳ್ಳಿಯೂ ಇರುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಬಿಡಿಸಿದ ಮೇಲಿನ ತೂಕವೇ ಚಿನ್ನದ್ದು. ಬುಲಿಯನ್ ಎಂದು ಬರೆದಿದ್ದರೆ ಎರಡೂ ಸೇರಿವೆ. ಒಂದು ಮಾದರಿಯಲ್ಲಿ 6 ಬಂದು ಪಕ್ಕದ್ದರಲ್ಲಿ ಏನೂ ಬರದಿದ್ದರೆ ಅಚ್ಚರಿಪಡಬೇಡಿ. ಬಿಡಿ ಚಿನ್ನದ ಒಂದು ಕಣ 30 ಗ್ರಾಂ ಪುಡಿಯಲ್ಲಿ ಬಿದ್ದರೂ ಬಿತ್ತು, ಬಿಟ್ಟರೂ ಬಿಟ್ಟಿತು.

ಪ್ರಶ್ನೆ: ಕಾಲೇಜಿನ ಕಪಾಟಿನಲ್ಲಿ ಹಳೆಯ ಕಲ್ಲುಪುಡಿಯ ಬಾಟಲಿಗಳಿವೆ. ಮತ್ತೆ ವಿಶ್ಲೇಷಿಸಬಹುದೇ? (ಕಲಬುರಗಿ)

ಉತ್ತರ: ಖಂಡಿತ, ಬಿಸಾಡಬೇಡಿ. ಸಿಲಿಕಾ, ಅಲ್ಯೂಮಿನಾ, ಟೈಟಾನಿಯಾ, ಸುಣ್ಣ, ಒಟ್ಟು ಕಬ್ಬಿಣ ಇವು ಎಷ್ಟು ವರ್ಷವಾದರೂ ಹೆಚ್ಚುಕಡಿಮೆ ಹಾಗೇ ಇರುತ್ತವೆ. ತೇವ ಮತ್ತು ಫೆರಸ್ ಕಬ್ಬಿಣವನ್ನು ಮಾತ್ರ ಹಳೆಯ ಚೀಟಿಯದೊಡನೆ ಹೋಲಿಸಬೇಡಿ. ಬಾಟಲಿ ತೆರೆದ ಕೂಡಲೇ ಮೇಲಿನಿಂದ ಚಮಚ ಹಾಕಬೇಡಿ. ವರ್ಷಗಟ್ಟಲೆ ಕಪಾಟು ಅಲುಗಾಡಿ ಭಾರದ ಕಣ ಕೆಳಗಿಳಿದಿರುತ್ತವೆ. ಇಡೀ ಪುಡಿಯನ್ನು ಹಾಳೆಯ ಮೇಲೆ ಸುರಿದು ಮೂಲೆಯಿಂದ ಮೂಲೆಗೆ ಹೊರಳಿಸಿ, ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ತೆಗೆದುಕೊಳ್ಳಿ. ಬಿರಡೆಗೆ ಕಟ್ಟಿದ ಚೀಟಿ ಬಿಚ್ಚುವ ಮೊದಲು ಬಾಟಲಿ ಸಮೇತ ಫೋಟೋ ಹೊಡೆದುಕೊಳ್ಳಿ. ಬಿಚ್ಚಿದ ಮೇಲೆ ಯಾವ ಚೀಟಿ ಯಾವ ಬಾಟಲಿಯದು ಎಂಬ ಗೊಂದಲ ಮತ್ತೆ ಬಗೆಹರಿಯುವುದಿಲ್ಲ.

ಪ್ರಶ್ನೆ: ನಮ್ಮಲ್ಲಿರುವ ನೂರಾರು ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. ಟ್ರೇಸ್, ಎನ್.ಡಿ., ಗೆರೆ, ಖಾಲಿ ಜಾಗ ಇವಕ್ಕೆಲ್ಲ ಸೊನ್ನೆ ಹಾಕಬಹುದೇ? (ಕಲಬುರಗಿಯ ಓದುಗರ ಬಳಗ)

ಉತ್ತರ: ದಯವಿಟ್ಟು ಹಾಕಬೇಡಿ. ಟ್ರೇಸ್ ಅಂದರೆ ಇದೆ, ತೂಗುವಷ್ಟಿಲ್ಲ. ನಿಲ್ ಅಂದರೆ ಹುಡುಕಿದೆ, ಸಿಗಲಿಲ್ಲ. ಖಾಲಿ ಜಾಗ ಅಂದರೆ ಹುಡುಕಿಯೇ ಇಲ್ಲದಿರಬಹುದು. ಎನ್.ಡಿ. ಎಂಬುದಂತೂ ಎರಡು ಅರ್ಥದ ಮಾತು, ಕೆಲವರಿಗೆ ಅಳೆದಿಲ್ಲ, ಕೆಲವರಿಗೆ ಕಾಣಲಿಲ್ಲ. ಅದೇ ರಿಜಿಸ್ಟರಿನ ಮೊದಲ ಪುಟದಲ್ಲಿ ವಿವರಣೆ ಇದೆಯೇ ನೋಡಿ, ಇಲ್ಲದಿದ್ದರೆ ಎನ್.ಡಿ. ಎಂದೇ ಅಕ್ಷರದಲ್ಲಿ ಬರೆಯಿರಿ. ಎಲ್ಲಕ್ಕೂ ಸೊನ್ನೆ ಕೊಟ್ಟರೆ ನಾಳೆ ಯಾರೋ ಸರಾಸರಿ ತೆಗೆದು ಬೀದರಿನ ಟ್ರ್ಯಾಪಿನಲ್ಲಿ ಟೈಟಾನಿಯಂ ಇಲ್ಲವೆಂದು ಬರೆದುಬಿಡುತ್ತಾರೆ.

ಲಾಸ್ ಎಂಬ ಮಾತಿಗೂ ಎರಡು ಅರ್ಥ. ಲಾಸ್ ಆನ್ ಇಗ್ನಿಷನ್ ಅಂದರೆ ಸುಟ್ಟಾಗ ಹೋದ ತೂಕ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ ಪಟ್ಟಿಗಳಲ್ಲಿ ಬರೀ ಲಾಸ್ ಎಂದಿದ್ದರೆ ಅದು ನೂರಕ್ಕೆ ಕಡಿಮೆ ಬಿದ್ದ ಅಂಕಿ, ಕಲ್ಲಿನ ಗುಣವೇ ಅಲ್ಲ. ಮೊತ್ತ ಅಚ್ಚುಕಟ್ಟಾಗಿ 100.00 ಇದ್ದು ಕೆಳಗೆ ಲಾಸ್ ಸಾಲು ಇದ್ದರೆ ಈ ಎರಡನೆಯ ಅರ್ಥವೇ.

ಕಂಪ್ಯೂಟರಿನಲ್ಲಿ ಎರಡು ಹಾಳೆ ಇಡಿ. ಮೊದಲ ಹಾಳೆ ನಕಲು: ಚೀಟಿಯಲ್ಲಿ ಹೇಗಿದೆಯೋ ಹಾಗೇ, ಪೆರಾಕ್ಸೈಡ್ ಎಂದಿದ್ದರೆ ಪೆರಾಕ್ಸೈಡ್ ಎಂದೇ, 15.90 ಎಂದಿದ್ದರೆ ಕೊನೆಯ ಸೊನ್ನೆಯನ್ನೂ ಬಿಡದೆ. ಆ ಸೊನ್ನೆ ಎಷ್ಟು ಸೂಕ್ಷ್ಮವಾಗಿ ಅಳೆದರು ಎಂಬುದರ ಗುರುತು, ಅಂಕಿಯಾಗಿ ಏರಿಸಿದರೆ ಯಂತ್ರವೇ ಅದನ್ನು ನುಂಗುತ್ತದೆ. ಆದ್ದರಿಂದ ಆ ಕಾಲಮ್ಮುಗಳನ್ನು ಪಠ್ಯವಾಗಿ ಇಡಿ. ಮಾದರಿ ನಂಬರ್, ಪ್ರಯೋಗಾಲಯದ ನಂಬರ್, ತಾರೀಖು ಇದ್ದ ಹಾಗೇ, ಜಾಗ ಇದ್ದ ಹಾಗೇ, ಸಹಿ ಅಥವಾ ಮೊದಲಕ್ಷರ, ಒಣಗಿಸಿದ ಶಾಖ, ವಿಧಾನ, ಚೀಟಿಯಲ್ಲಿ ಬರೆದ ಮೊತ್ತ, ಫೋಟೋ ನಂಬರ್ ಇವೆಲ್ಲಕ್ಕೂ ಕಾಲಮ್ ಬೇಕು. ಎರಡನೆಯ ಹಾಳೆಯಲ್ಲಿ ನಿಮ್ಮ ಲೆಕ್ಕ: ಆಕ್ಸೈಡಿಗೆ ತಿರುಗಿಸಿದ್ದು, ಒಣ ಆಧಾರಕ್ಕೆ ತಂದದ್ದು, ಫಸಲಿಯನ್ನು ಇಸವಿ ಮಾಡಿದ್ದು, ಯಾವ ಗುಣಕ ಬಳಸಿದಿರಿ ಎಂಬುದು. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಆರು ತಿಂಗಳ ಮೇಲೆ ಯಾವುದು ರಸಾಯನಜ್ಞನದು, ಯಾವುದು ನಿಮ್ಮದು ಎಂದು ನಿಮಗೇ ತಿಳಿಯದು.

ಏರಿಸಿದ ಮೇಲೆ ಪ್ರತಿ ಸಾಲನ್ನೂ ಯಂತ್ರದಿಂದ ಕೂಡಿಸಿ, ಚೀಟಿಯ ಮೊತ್ತದೊಡನೆ ಹೋಲಿಸಿ. ವ್ಯತ್ಯಾಸ ಬಂದು ಅದು, ದಶಮಾಂಶದ ಚುಕ್ಕೆ ಬಿಟ್ಟು ಓದಿದಾಗ, 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿವೆಯೇ ಎಂದು ಮೊದಲು ನೋಡಿ: 13.58ನ್ನು 13.85 ಎಂದು ಒತ್ತಿದರೆ ವ್ಯತ್ಯಾಸ 0.27. ವ್ಯತ್ಯಾಸ ಸರಿಯಾಗಿ 1.00, 5.00 ಹೀಗೆ ಇದ್ದರೆ ಒಂದೇ ಅಂಕಿ ತಪ್ಪಿರಬಹುದು. ಮಸುಕಾದ ಟೈಪಿನಲ್ಲಿ 3 ಮತ್ತು 8, ಕೈಬರಹದಲ್ಲಿ 1 ಮತ್ತು 7 ಮೋಸ ಮಾಡುತ್ತವೆ. ಉರ್ದು ಅಂಕಿಗಳಲ್ಲಿ ಬರೆದ ಚೀಟಿಯಾದರೆ ಸೊನ್ನೆ ಒಂದು ಚುಕ್ಕೆಯಷ್ಟೇ, ದಶಮಾಂಶದ ಚುಕ್ಕೆಯೆಂದು ಎಣಿಸಿದರೆ ಹತ್ತು ಪಟ್ಟು ವ್ಯತ್ಯಾಸ. ಇಷ್ಟೆಲ್ಲ ನೋಡಿದರೂ ಕೂಡದಿದ್ದರೆ ಆ ಕಾಲದವರೇ ಕೂಡಿಸುವಾಗ ತಪ್ಪಿರಬಹುದು. ಆಗ ಅವರ ಮೊತ್ತವನ್ನೂ ತಿದ್ದಬೇಡಿ, ನಕಲಿನ ಹಾಳೆಯಲ್ಲಿ ಅದು ಹಾಗೇ ಇರಲಿ, ನಿಮ್ಮ ಮೊತ್ತ ಎರಡನೆಯ ಹಾಳೆಯಲ್ಲಿರಲಿ.